ಮೊಸರಿಲ್ಲದ ತಿಂಗಳ ಸಾಕ್ಷಿ

ಪುರಸೈವಾಕ್ಕಂ, ಚೆನ್ನೈ
12 ಜನವರಿ 2025

ಚಿ. ಚರಣನಿಗೆ ಚಂದ್ರಮತಿ ಅತ್ತೆಯ ಆಶೀರ್ವಾದಗಳು.

ನೀನೂ ಮೌನಳೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ಫೋನು ಮಾಡದೆ ಕಾಗದ ಬರೆಯುವುದಕ್ಕೆ ಕಾರಣವಿದೆ. ಫೋನಿನಲ್ಲಿ ಆಡಿದ ಮಾತನ್ನು ನಾಳೆ ಆಡಲೇ ಇಲ್ಲ ಎನ್ನಬಹುದು. ಇದು ಕೋರ್ಟಿಗೆ ಹೋಗುವ ವಿಷಯ. ನೀನೂ ಕಾಗದದಲ್ಲೇ ಉತ್ತರ ಕೊಡು.

ನಮ್ಮ ಅಡುಗೆಯ ನಾಗರಾಜ ಕೆಲಸ ಬಿಟ್ಟು ಅಡ್ಯಾರಿನಲ್ಲಿ ಸ್ವಂತ ಹೋಟೆಲು ತೆರೆದಿದ್ದಾನೆ. ತೆರೆಯಲಿ. ಮೂವತ್ತಾರು ವರ್ಷ ನಮ್ಮ ಒಲೆಯ ಮುಂದೆ ನಿಂತವನು. ನಮ್ಮಲ್ಲಿಂದ ಹೋದವರು ಹೋಟೆಲು ಹಾಕುವುದು ಹೊಸತೇನೂ ಅಲ್ಲ, ನಾನು ಯಾರಿಗೂ ಅಡ್ಡ ಬಂದವಳಲ್ಲ. ಆದರೆ ಮೊನ್ನೆ ಮಗಳು ಶ್ರೀಪ್ರಿಯಾ ಆಫೀಸಿನಿಂದ ಬರುವಾಗ ಬಸ್ಸಿನ ಕಿಟಕಿಯಿಂದ ಬೋರ್ಡು ನೋಡಿ ಬಂದು ಹೇಳಿದಳು. ಅದರ ಮೇಲೆ 'ಚಂದ್ರಮತಿ ಭವನ' ಎಂದೇ ಬರೆಸಿದ್ದಾನೆ.

ಅದು ನನ್ನ ಹೆಸರು. 1981ರಲ್ಲಿ ನಿನ್ನ ಮಾವ ಈ ಬೀದಿಯಲ್ಲಿ ಬಾಗಿಲು ತೆರೆದಾಗ ದೇವರ ಹೆಸರಿಡು ಎಂದು ನನ್ನ ಅತ್ತೆ ಹೇಳಿದ್ದರು. ಇವರು ತಾಯಿಯ ಮಾತು ಮೀರಿದ್ದು ಅದೊಂದೇ ಸಲ. ಮದುವೆಯಾಗಿ ಎರಡು ವರ್ಷವಾಗಿತ್ತು. ಬೋರ್ಡು ಕಟ್ಟುವಾಗ ಏಣಿ ಹಿಡಿದುಕೊಂಡು ನಿಂತವಳು ನಾನು.

ನಾಗರಾಜನನ್ನು ಕರೆಸಿ ಕೇಳಿದೆ. "ಇದು ಯಾರ ಹೆಸರು?"

"ನಿಮ್ದೇ ಅಮ್ಮ."

"ನನ್ನನ್ನು ಕೇಳಿದ್ಯಾ?"

ತಲೆ ತಗ್ಗಿಸಿ, "ಯಜಮಾನ್ರು ಕೊಟ್ಟದ್ದ್ ಅಮ್ಮ. ನಾ ಕೇಂಡದ್ದಲ್ಲ" ಎಂದ.

ಇವರು ಹೋಗಿ ಹದಿನಾಲ್ಕು ತಿಂಗಳಾಯಿತು. ಸತ್ತವರ ಬಾಯಲ್ಲಿ ಯಾವ ಮಾತನ್ನೂ ಆಡಿಸಬಹುದು. ನಲವತ್ತನಾಲ್ಕು ವರ್ಷದ ಸಂಸಾರದಲ್ಲಿ ಒಂದು ಬಾಣಲೆ ಬದಲಾಯಿಸುವುದಿದ್ದರೂ ನನ್ನನ್ನು ಕೇಳಿದ ಮನುಷ್ಯ, ನನ್ನ ಹೆಸರನ್ನೇ ಎತ್ತಿ ಅಡುಗೆಯವನಿಗೆ ಕೊಟ್ಟರಂತೆ. ನನಗೆ ಹೇಳದೆ.

ನೀನು ಹೊರಟು ಬಾ. ಇಲ್ಲಿನ ಕೋರ್ಟು ನಿನಗೆ ಹೊಸತಲ್ಲ. ನನ್ನ ತಮ್ಮ ತೀರಿಕೊಂಡಾಗ ಹನ್ನೊಂದು ವರ್ಷದವನಾಗಿ ಈ ಮನೆಗೆ ಬಂದೆ, ಇಲ್ಲಿಂದಲೇ ಲಾ ಕಾಲೇಜಿಗೆ ಹೋದೆ, ಕುಂದಾಪುರಕ್ಕೆ ಹೋಗುವ ತನಕ ಇಲ್ಲೇ ಕಪ್ಪು ಕೋಟು ಹಾಕಿದೆ. ನನ್ನ ಕೇಸನ್ನು ಬೇರೆಯವರ ಕೈಗೆ ಕೊಡುವವಳಲ್ಲ ನಾನು.

ಇತಿ,
ನಿನ್ನ ಅತ್ತೆ ಚಂದ್ರಮತಿ


ಕುಂದಾಪುರ
21 ಜನವರಿ 2025

ಪೂಜ್ಯ ಅತ್ತೆಯವರಿಗೆ ಚರಣನ ಸಾಷ್ಟಾಂಗ ನಮಸ್ಕಾರಗಳು.

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಈ ಕೇಸನ್ನು ನಾನು ತೆಗೆದುಕೊಳ್ಳಲಾರೆ. ಇಲ್ಲಿ ಕೆಲಸ ಬಹಳ ಹೆಚ್ಚಾಗಿದೆ, ವಾರಕ್ಕೆ ಐದು ದಿನವೂ ಕೋರ್ಟಿರುತ್ತದೆ. ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ.

ನಾಗರಾಜಣ್ಣನನ್ನು ಇನ್ನೊಮ್ಮೆ ಕರೆಸಿ, ಕೂರಿಸಿ, ಮಾತಾಡಿ ನೋಡಿ. ಕೋರ್ಟಿಗೆ ಹೋಗುವುದು ಬೇಡ ಎಂದು ನನ್ನ ಪ್ರಾರ್ಥನೆ.

ನಿಮ್ಮ ಮಗನಂಥವನು,
ಚರಣ


ಪುರಸೈವಾಕ್ಕಂ, ಚೆನ್ನೈ
28 ಜನವರಿ 2025

ಚರಣನಿಗೆ,

ಕೆಲಸ ಹೆಚ್ಚು ಎಂದು ಬರೆದಿದ್ದೀ. ಹೋದ ತಿಂಗಳು ಫೋನಿನಲ್ಲಿ ಮೌನ ಏನು ಹೇಳಿದಳು ಗೊತ್ತೇ? "ಇವ್ರಿಗೆ ಮಧ್ಯಾಹ್ನದ ಮೇಲೆ ಕೆಲ್ಸವೇ ಇಲ್ಲ ಅತ್ತೆ, ಮನೇಲಿ ಕೂತ್ಕಂಡ್ ನಂಗೆ ಅಡುಗೆ ಕಲಿಸ್ತಿದ್ರ್" ಎಂದು ನಕ್ಕಿದ್ದಳು. ಸುಳ್ಳು ಹೇಳುವ ಮೊದಲು ಹೆಂಡತಿಗೆ ಒಂದು ಮಾತು ತಿಳಿಸಿಡಬೇಕಿತ್ತು.

ನಾಗರಾಜನೂ ಕುಂದಾಪುರದ ಕಡೆಯವನೇ. ಅವನ ದಾಯಾದಿಗಳು ಯಾರಾದರೂ ನಿನ್ನ ಆಫೀಸಿನ ಮೆಟ್ಟಿಲು ಹತ್ತಿದರೇ? ಅವನಿಗೆ 'ಅಣ್ಣ', ನನಗೆ 'ಪ್ರಾರ್ಥನೆ'. ನಿನಗೆ ಜ್ವರ ಬಂದಾಗಲೆಲ್ಲ ಹೋಟೆಲಿನ ಗಂಜಿ ಬೇಡವೆಂದು ನಾನೇ ಬೇರೆ ಕುದಿಸಿ ಕೊಟ್ಟೆ. ಇದನ್ನು ಬರೆಯಬಾರದೆಂದಿದ್ದೆ. ನೀನು ಬರೆಸಿದೆ.

ಒಂದೇ ಮಾತು ಕೇಳುತ್ತೇನೆ. ನಿಜವಾದ ಕಾರಣ ಏನು?

ಚಂದ್ರಮತಿ


ಕುಂದಾಪುರ
10 ಫೆಬ್ರವರಿ 2025

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ಕೆಲಸ ಹೆಚ್ಚು ಎಂದದ್ದು ಸುಳ್ಳು. ಕ್ಷಮಿಸಿ. ಇನ್ನು ಸುಳ್ಳು ಬರೆಯುವುದಿಲ್ಲ. ಆದರೆ ನಿಜವನ್ನೂ ಬರೆಯಲಾರೆ.

ಕೆಲವು ಕೇಸುಗಳನ್ನು ಮುಟ್ಟಬಾರದೆಂದು ವಕೀಲನಿಗೆ ನಿಯಮಗಳಿವೆ. ಏಕೆ ಮುಟ್ಟುತ್ತಿಲ್ಲ ಎಂದು ಹೇಳಹೊರಟರೆ ಅಷ್ಟಕ್ಕೇ ನಿಯಮ ಮುರಿದಂತಾಗುತ್ತದೆ. ನನ್ನ ಆಫೀಸಿಗೆ ನಾಗರಾಜಣ್ಣನ ಕಡೆಯವರು ಯಾರೂ ಬಂದಿಲ್ಲ. ಅವರ ಪರವಾಗಿಯೂ ನಾನು ನಿಲ್ಲುವುದಿಲ್ಲ. ಇಷ್ಟನ್ನು ಹೇಳಬಲ್ಲೆ.

ತನ್ನ ತಾಯಿ ಪ್ರೇಮಮ್ಮ ತೀರಿಕೊಂಡಾಗಲೂ ಊರಿಗೆ ಬಾರದೆ ನಿಮ್ಮ ಒಲೆ ನೋಡಿಕೊಂಡವರು ಅವರು. ಅದನ್ನೊಂದು ನೆನೆದು ನಿರ್ಧಾರ ಮಾಡಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಚರಣ


ಪುರಸೈವಾಕ್ಕಂ, ಚೆನ್ನೈ
6 ಏಪ್ರಿಲ್ 2025

ವಕೀಲ ಶ್ರೀ ಚರಣ್ ಅವರಿಗೆ,

ತಮ್ಮ ಕಾಗದಕ್ಕೆ ಉತ್ತರ ಬರೆಯಲು ಎರಡು ತಿಂಗಳು ತೆಗೆದುಕೊಂಡೆ. ಸುಮ್ಮನೆ ಕೂತಿರಲಿಲ್ಲ.

ಇಲ್ಲಿ ಜಯಲಕ್ಷ್ಮೀ ಎಂಬ ವಕೀಲೆಯನ್ನು ಹಿಡಿದು ಕೇಸು ಹಾಕಿದ್ದೇನೆ. ನಾಗರಾಜ ಕೋರ್ಟಿಗೆ ಒಂದು ಹಾಳೆ ಹಾಜರು ಮಾಡಿದ್ದಾನೆ. ಟೈಪು ಮಾಡಿದ್ದು, ಕನ್ನಡದಲ್ಲಿ. 'ನಮ್ಮ ಹೋಟೆಲಿನ ಹೆಸರನ್ನು ನಾಗರಾಜನು ತನ್ನ ಸ್ವಂತ ಹೋಟೆಲಿಗೆ ಇಟ್ಟುಕೊಳ್ಳಬಹುದು, ನನ್ನ ಕಡೆಯವರು ಯಾರೂ ತಕರಾರು ಮಾಡತಕ್ಕದ್ದಲ್ಲ' ಎಂದಿದೆ. ಕೆಳಗೆ ವಿಷ್ಣುಮೂರ್ತಿ ಎಂದು ಇವರ ಸಹಿ. ಸಾಕ್ಷಿಗಳಿಲ್ಲ, ಊರಿನ ಹೆಸರಿಲ್ಲ. ತಾರೀಕು ಮಾತ್ರ ಇದೆ, 13 ಆಗಸ್ಟ್ 2022.

ಆ ತಾರೀಕು ನೋಡಿ ನಾನು ಕೋರ್ಟಿನಲ್ಲೇ ನಕ್ಕುಬಿಟ್ಟೆ. ಅದು ರಾಯರ ಮಧ್ಯಾರಾಧನೆಯ ದಿನ. ಆ ವರ್ಷ ಆರಾಧನೆಗೆ ಇವರು ಮಂತ್ರಾಲಯದಲ್ಲಿದ್ದರು. ಖೋಟಾ ಕಾಗದ ಮಾಡುವವನು ಕ್ಯಾಲೆಂಡರು ನೋಡಬೇಡವೇ? ಇವರು ಮಂತ್ರಾಲಯದಲ್ಲಿದ್ದರೆಂದು ನಾನೇ ಪ್ರಮಾಣ ಮಾಡುತ್ತೇನೆ. ಆಮೇಲೆ ಪೊಲೀಸರಿಗೆ ದೂರು ಹೋಗುತ್ತದೆ. ಖೋಟಾ ಸಹಿಗೆ ಜೈಲು ಎಂದು ಜಯಲಕ್ಷ್ಮೀ ಹೇಳಿದಳು. ಆಗಲಿ.

ತಮ್ಮ ನಿಯಮಗಳ ವಿಷಯ. ಜಯಲಕ್ಷ್ಮೀಯಿಂದ ಆ ಪುಸ್ತಕವನ್ನೇ ಇಸಕೊಂಡು ಬಂದೆ. ನನ್ನದು ಎಸ್ಸೆಸ್ಸೆಲ್ಸಿ, ಅದಕ್ಕೆ ನನ್ನ ಇಂಗ್ಲಿಷು ಸಾಲದು. ಎರಡು ಭಾನುವಾರ ಮಧ್ಯಾಹ್ನ ಮೊಮ್ಮಗಳು ಅನ್ವಿತಾಳನ್ನು ಕೂರಿಸಿಕೊಂಡು ಓದಿಸಿದೆ. ನಾನು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಹೇಳುತ್ತಾಳೆ, ಅದು ಹಾಗೆಯೇ. ವಕೀಲ ಕೋರ್ಟಿಗೆ ಮರ್ಯಾದೆ ಕೊಡತಕ್ಕದ್ದು. ಮೋಸ ಮಾಡತಕ್ಕದ್ದಲ್ಲ. ಕಕ್ಷಿಗಾರ ಬಂದರೆ ಕೇಸು ತೆಗೆದುಕೊಳ್ಳತಕ್ಕದ್ದು. ನಡುವೆ ಬಿಟ್ಟು ಹೋಗತಕ್ಕದ್ದಲ್ಲ. ಮುಗಿಸುವಷ್ಟರಲ್ಲಿ ಹುಡುಗಿ ಆಕಳಿಸಿ, "ಅಜ್ಜೀ, ಇದುಲ ರೈಟ್ಸೇ ಇಲ್ಲೈ, ಎಲ್ಲಾಮೇ ಡ್ಯೂಟಿ ದಾನ್" ಎಂದಳು.

ಜಯಲಕ್ಷ್ಮೀಯನ್ನು ಕೇಳಿದೆ, "ಏನಮ್ಮಾ, ವಕೀಲರಿಗೆ ಒಂದು ಹಕ್ಕೂ ಇಲ್ಲವಾ?" ಅವಳು, "ಫೀಸ್ ಕೇಳೋ ಹಕ್ಕು ಒಂದಿದೆ ಅಮ್ಮಾ, ಅದನ್ನೂ ಕಕ್ಷಿಗಾರರು ಒಪ್ಪೋದಿಲ್ಲ" ಎಂದಳು.

ಹಾಗಾದರೆ ತಾವು ನನಗೆ ಬಾಗಿಲು ಹಾಕಿದ್ದು ಯಾವ ಹಕ್ಕಿನಿಂದ? ಬಂದ ಕೇಸನ್ನು ತೆಗೆದುಕೊಳ್ಳುವುದು ಕರ್ತವ್ಯ ಎಂದು ಅದೇ ಪುಸ್ತಕ ಹೇಳುತ್ತದೆ. ವಿಶೇಷ ಕಾರಣವಿದ್ದರೆ ಬಿಡಬಹುದಂತೆ. ತಾವು ಕಾರಣವನ್ನೇ ಹೇಳುತ್ತಿಲ್ಲ. ಆದ್ದರಿಂದ ವಕೀಲರ ಪರಿಷತ್ತಿಗೆ ತಮ್ಮ ಮೇಲೆ ದೂರು ಬರೆದು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ಕಾರಣವನ್ನು ಅವರಿಗೆ ಹೇಳಿಕೊಳ್ಳಿ.

ಪ್ರೇಮಮ್ಮನ ವಿಷಯವನ್ನು ತಾವು ಎತ್ತಬೇಕಾಗಿರಲಿಲ್ಲ. ಲಾಕ್‌ಡೌನಿನಲ್ಲಿ ಯಾರಿಗೂ ಪಾಸು ಸಿಗುತ್ತಿರಲಿಲ್ಲ.

ಚಂದ್ರಮತಿ


ಕುಂದಾಪುರ
17 ಏಪ್ರಿಲ್ 2025

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ದೂರು ಕೊಟ್ಟದ್ದಕ್ಕೆ ನನಗೆ ಕೋಪವಿಲ್ಲ. ನೀವು 'ತಾವು' ಎಂದು ಬರೆದದ್ದನ್ನು ಮಾತ್ರ ಮೌನಳಿಗೆ ತೋರಿಸಲಾಗಲಿಲ್ಲ.

ಅನ್ವಿತಾ ಹೇಳಿದ್ದು ಸರಿ. ಬಾಯಿ ಮುಚ್ಚಿಕೊಂಡಿರುವುದು ನನ್ನ ಹಕ್ಕಾಗಿದ್ದರೆ ಇವತ್ತೇ ಅದನ್ನು ಬಿಟ್ಟುಕೊಟ್ಟು ನಿಮ್ಮ ಮುಂದೆ ಬಂದು ನಿಲ್ಲುತ್ತಿದ್ದೆ. ಹಕ್ಕನ್ನು ಇಟ್ಟುಕೊಂಡವನು ಬಿಡಬಹುದು. ಇದು ನನ್ನದಲ್ಲ. ಇನ್ನೊಬ್ಬರು ನಂಬಿ ಇಟ್ಟುಹೋದದ್ದು, ನಾನು ಕಾಯುತ್ತಿದ್ದೇನೆ ಅಷ್ಟೆ. ಪರಿಷತ್ತಿನವರು ಕೇಳಿದರೂ ಇದೇ ಉತ್ತರ. ವಕೀಲಿಯ ಸನ್ನದು ಹೋದರೆ ಹೋಗಲಿ.

ಆದರೆ ಒಂದು ಮಾತು. ಸಾಕ್ಷಿ ಹೇಳಲು ಹೊರಟ ಯಾರಿಗಾದರೂ ಹೇಳುವ ಮಾತು ಇದು. ಕಣ್ಣಾರೆ ಕಂಡದ್ದನ್ನು ಮಾತ್ರ ಪ್ರಮಾಣ ಮಾಡಿ ಹೇಳಬೇಕು. ದಯವಿಟ್ಟು ಅವಸರ ಮಾಡಬೇಡಿ ಅತ್ತೆ.

ಚರಣ


ಪುರಸೈವಾಕ್ಕಂ, ಚೆನ್ನೈ
25 ಏಪ್ರಿಲ್ 2025

ಶ್ರೀ ಚರಣ್ ಅವರಿಗೆ,

ಉಪದೇಶ ತಲುಪಿತು.

ಆ ದಿನ ದಾರಿಗೆಂದು ಅವಲಕ್ಕಿ ಕಟ್ಟಿಕೊಟ್ಟದ್ದು ನಾನು. ಸೆಂಟ್ರಲ್ ಸ್ಟೇಷನ್ನಿಗೆ ಆಟೋ ಹತ್ತಿಸಿದ್ದು ನಾನು. ಐದನೇ ದಿನ ಬಂದು, ಕೈಕಾಲು ತೊಳೆಯುವ ಮೊದಲೇ ಮಂತ್ರಾಕ್ಷತೆ ತೆಗೆದು ನನ್ನ ತಲೆಯ ಮೇಲೆ ಹಾಕಿದ್ದು ಇವರು. ನನ್ನ ಗಂಡ ಎಲ್ಲಿದ್ದರೆಂದು ನಾನು ತಮ್ಮಿಂದ ಕಲಿಯಬೇಕಾಗಿಲ್ಲ.

ಜೂನ್ 19ಕ್ಕೆ ನನ್ನ ಪ್ರಮಾಣಪತ್ರ ಕೋರ್ಟಿಗೆ ಹೋಗುತ್ತದೆ. ಮರುದಿನ ನಾಗರಾಜನ ಮೇಲೆ ಪೊಲೀಸು ದೂರು. ಇನ್ನು ತಾವು ಬರೆಯುವ ಅಗತ್ಯವಿಲ್ಲ.

ಚಂದ್ರಮತಿ


ಕುಂದಾಪುರ
3 ಜೂನ್ 2025

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ಬರೆಯಬೇಡಿ ಎಂದಿದ್ದಿರಿ. ಕೇಸಿನ ವಿಷಯ ಬರೆಯುತ್ತಿಲ್ಲ.

ಮೌನಳಿಗೆ ಈಗ ಐದನೇ ತಿಂಗಳು. ಮೊದಲು ನಿಮಗೆ ತಿಳಿಸಬೇಕೆಂದು ಅವಳ ಹಟ. ಬಾಯಿಗೆ ಏನೂ ರುಚಿಸುತ್ತಿಲ್ಲ, ನಿಮ್ಮ ಕೈಯ ಮೆಂತ್ಯದ ತಂಬುಳಿ ಬೇಕಂತೆ. ಹೇಗೆ ಮಾಡುವುದೆಂದು ನಾನು ಹೇಳಿಕೊಟ್ಟೆ, ಸರಿಬರಲಿಲ್ಲ.

ನಿನ್ನೆ ಊಟಕ್ಕೆ ಕೂತಾಗ ಇಬ್ಬರಿಗೂ ಮಾವನ ನೆನಪಾಯಿತು. ಮಾವ ನಮ್ಮಲ್ಲಿ ಉಂಡ ದಿನ ಅವಳು ಪಟ್ಟ ಪಾಡು ಹೇಳಿ ನಕ್ಕೆವು. ಸಂಸಾರ ಹೂಡಿ ಕೆಲವು ತಿಂಗಳು, ಅವಳ ತವರಿನಲ್ಲಿ ವ್ರತ ನೇಮ ಯಾವುದೂ ಇಲ್ಲ. ಕೊನೆಗೆ ಮೊಸರು ಬಡಿಸಲು ಬಂದರೆ ಮಾವ ಬಾಳೆಯೆಲೆಯ ಮೇಲೆ ಕೈ ಅಡ್ಡ ಹಿಡಿದು, "ಈಗ ಮೊಸ್ರ್ ಬ್ಯಾಡ ಹೆಣೆ, ಹಾಲಿದ್ರೆ ಒಂಚೂರ್ ಹಾಕ್" ಎಂದರು. ಮೊಸರು ಹುಳಿಯಾಗಿದೆಯೆಂದು ತಿಳಿದು ಇವಳು ಒಳಗೆ ಹೋಗಿ ಕಣ್ಣೊರೆಸಿಕೊಂಡಳು. ಆಮೇಲೆ ಮಾವ ಅವಳನ್ನು ಕರೆದು ಕೂರಿಸಿ ನಾಲ್ಕು ತಿಂಗಳ ಲೆಕ್ಕ ಹೇಳಿಕೊಟ್ಟರು. ಅವಳಿಗೆ ಅದು ಇನ್ನೂ ಬಾಯಿಪಾಠ.

ನಿಮ್ಮ ಮಂಡಿನೋವು ಹೇಗಿದೆ?

ಚರಣ


ಪುರಸೈವಾಕ್ಕಂ, ಚೆನ್ನೈ
12 ಜೂನ್ 2025

ಚರಣನಿಗೆ,

ಮೌನಳಿಗೆ ಆಶೀರ್ವಾದ ಹೇಳು. ತಂಬುಳಿಗೆ ಮೆಂತ್ಯವನ್ನು ತುಪ್ಪದಲ್ಲಿ ಹುರಿಯಬೇಕು, ಎಣ್ಣೆಯಲ್ಲಲ್ಲ. ನಿನಗೆ ಅಷ್ಟೂ ನೆನಪಿಲ್ಲ.

ನಿನ್ನ ಕಾಗದ ಬಂದ ದಿನ ಮೌನಳ ಸುದ್ದಿಗೆ ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ. ರಾತ್ರಿ ಮೊಸರನ್ನ ಕಲಸಿಕೊಳ್ಳುವಾಗ ಕೈ ನಿಂತಿತು.

ಮಾವ ಮೊಸರು ಬೇಡ ಎಂದರು, ಹಾಲು ಕೇಳಿದರು. ಹಾಗೆ ಮಾಡುವುದು ಚಾತುರ್ಮಾಸ್ಯದ ಎರಡನೇ ತಿಂಗಳಲ್ಲಿ. ಮೊದಲ ತಿಂಗಳು ತರಕಾರಿ ಬಿಡುತ್ತೇವೆ, ಎರಡನೆಯದರಲ್ಲಿ ಮೊಸರು, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ಬೇಳೆ. ಈ ಮನೆಯಲ್ಲಿ ಅದನ್ನು ನಡೆಸಿಕೊಂಡು ಬಂದವಳು ನಾನು. ಕೆಳಗೆ ಹೋಟೆಲಿನಲ್ಲಿ ಮೊಸರನ್ನ ಬಾಳೆಗಟ್ಟಲೆ ಹೋದರೂ ಮೇಲಿನ ನಮ್ಮ ಅಡುಗೆಮನೆಗೆ ಆ ತಿಂಗಳು ಒಂದು ಹನಿ ಬರುವುದಿಲ್ಲ.

ಹಳೆಯ ಪಂಚಾಂಗಗಳನ್ನು ನಾನು ಎಸೆಯುವುದಿಲ್ಲ. ತೆಗೆದು ನೋಡಿದೆ. ಮೌನ ನಿನ್ನ ಮನೆಗೆ ಬಂದದ್ದು 2022ರ ಮೇ ತಿಂಗಳಲ್ಲಿ. ಮದುವೆಗೆ ನಾವಿಬ್ಬರೂ ಬಂದಿದ್ದೆವು, ಅದು ವ್ರತದ ಕಾಲವಲ್ಲ. ಆ ವರ್ಷ ನವೆಂಬರಿನಲ್ಲಿ ಇವರಿಗೆ ಸ್ಟ್ರೋಕ್ ಆಯಿತು. ಆಮೇಲೆ ಸಾಯುವ ತನಕ ಚೆನ್ನೈ ಬಿಟ್ಟು ಹೊರಗೆ ಕಾಲಿಡಲಿಲ್ಲ. ಇವರು ಮೌನಳ ಕೈಯ ಮೊಸರನ್ನು ಬೇಡವೆನ್ನಲು ಸಾಧ್ಯವಿದ್ದ ಎರಡನೇ ತಿಂಗಳು ಇದ್ದದ್ದು ಒಂದೇ ಒಂದು. 2022ರ ಆಗಸ್ಟ್. ಆ ತಿಂಗಳು ಇವರು ಮನೆ ಬಿಟ್ಟು ಹೋದದ್ದೂ ಒಂದೇ ಸಲ. ಹದಿಮೂರನೇ ತಾರೀಕು ಎರಡನೇ ಶನಿವಾರ. ನಿನಗೆ ಕೋರ್ಟು ರಜೆ.

ಸೆಂಟ್ರಲ್‌ನಿಂದ ಮಂಗಳೂರಿಗೂ ರೈಲು ಹೋಗುತ್ತದೆ, ಅಲ್ಲಿಂದ ಕುಂದಾಪುರ ಎಷ್ಟು ದೂರ. ನನಗೆ ಹೊಳೆಯಲೇ ಇಲ್ಲ.

ಮೂರು ದಿನ ಆ ಪಂಚಾಂಗದ ಮುಂದಿನಿಂದ ಏಳಲಿಲ್ಲ. ಶ್ರೀಪ್ರಿಯಾ ಡಾಕ್ಟರನ್ನು ಕರೆಸುತ್ತೇನೆ ಎಂದಳು. ಇದು ಡಾಕ್ಟರು ನೋಡುವಂಥದಲ್ಲ ಎಂದೆ. ಆ ಮಂತ್ರಾಕ್ಷತೆಯನ್ನು ಯಾವ ಮಠದಲ್ಲಿ ಕೇಳಿ ತಂದರೋ. ನಾನು ಬಗ್ಗಿ ತಲೆಯೊಡ್ಡಿದೆ. ಒಂದು ಕಾಳು ಕೆಳಗೆ ಬಿದ್ದದ್ದನ್ನು ಹುಡುಕಿ ಕಣ್ಣಿಗೊತ್ತಿಕೊಂಡೆ. ಇವರು ನೋಡುತ್ತಾ ನಿಂತಿದ್ದರು.

ಆ ಹಾಳೆಯನ್ನು ಟೈಪು ಮಾಡಿದವನು ನೀನೇ, ಅಲ್ಲವೇ? ಆಮೇಲೆ ಇವರು ಹಾಸಿಗೆ ಹಿಡಿದಾಗ ಬಂದು ನನ್ನ ಜೊತೆ ಆಸ್ಪತ್ರೆಯಲ್ಲಿ ಕೂತೆ. ಚಟ್ಟದ ಒಂದು ಕಡೆಗೆ ಹೆಗಲು ಕೊಟ್ಟೆ. ಹದಿಮೂರನೇ ದಿನದ ಊಟ ಬಡಿಸಿದೆ. ಅಷ್ಟೂ ದಿನ ಒಳಗೆ ಇದನ್ನು ಇಟ್ಟುಕೊಂಡಿದ್ದೆ. ನನಗೆ ಹೇಳಬೇಡ ಎಂದು ಇವರೇ ನಿನಗೆ ಹೇಳಿದರೇ? ನೀನು ಸುಮ್ಮನಿದ್ದದ್ದು ಪುಸ್ತಕದ ನಿಯಮಕ್ಕೋ, ಇಲ್ಲ ನೀವಿಬ್ಬರೂ ನನಗೆ ಹೆದರುತ್ತಿದ್ದಿರೋ?

ಇನ್ನೊಂದು. ಮೂರು ವರ್ಷದಿಂದ ಒಂದು ಮಾತು ಜಾರದವನು ಮೊಸರಿನ ಕತೆಯನ್ನು ಪ್ರಮಾಣಪತ್ರಕ್ಕೆ ಹದಿನಾರು ದಿನ ಇರುವಾಗ ಬರೆದೆ. ನಗುವಿಗೆಂದು ಬರೆದೆಯೋ, ನನ್ನ ಕೈ ಹಿಡಿಯಲೆಂದು ಬರೆದೆಯೋ?

ಚಂದ್ರಮತಿ


ಕುಂದಾಪುರ
20 ಜೂನ್ 2025

ಅತ್ತೆಯವರಿಗೆ ನಮಸ್ಕಾರಗಳು.

ನಿಮ್ಮ ಯಾವ ಪ್ರಶ್ನೆಗೂ ಹೌದು ಎನ್ನಲಾರೆ, ಇಲ್ಲ ಎನ್ನಲಾರೆ. ಕೊನೆಯ ಪ್ರಶ್ನೆಗೆ ಉತ್ತರ ಕೊಡುವ ಹಕ್ಕಂತೂ ನನಗೆ ಇಲ್ಲವೇ ಇಲ್ಲ.

ನಿನ್ನೆ ಹತ್ತೊಂಬತ್ತನೇ ತಾರೀಕು. ನೀವು ಏನು ಮಾಡಿದಿರೋ ತಿಳಿಯದೆ ಇಡೀ ದಿನ ಕೋರ್ಟಿನ ಜಗಲಿಯಲ್ಲಿ ಕೂತಿದ್ದೆ.

ಪರಿಷತ್ತಿನವರು ಆಗಸ್ಟ್ 23ಕ್ಕೆ ಬರಹೇಳಿದ್ದಾರೆ. ಹೋಗುತ್ತೇನೆ. ಅಲ್ಲಿಯೂ ನನಗೆ ಹೇಳಲು ಏನೂ ಇಲ್ಲ.

ತುಪ್ಪದಲ್ಲಿ ಹುರಿದ ಮೇಲೆ ತಂಬುಳಿ ಸರಿಬಂತು.

ಚರಣ


ಪುರಸೈವಾಕ್ಕಂ, ಚೆನ್ನೈ
10 ಆಗಸ್ಟ್ 2025

ಚರಣನಿಗೆ,

ಪ್ರಮಾಣಪತ್ರಕ್ಕೆ ನಾನು ಸಹಿ ಹಾಕಲಿಲ್ಲ. ಹತ್ತೊಂಬತ್ತರ ಬೆಳಿಗ್ಗೆ ಜಯಲಕ್ಷ್ಮೀ ಪೆನ್ನು ಕೊಟ್ಟಳು. "ಇವರು ಆಟೋ ಹತ್ತಿದ್ದನ್ನು ನೋಡಿದ್ದೇನೆ, ಆಮೇಲಿನದು ನಾನು ನೋಡಿಲ್ಲ. ಅಷ್ಟು ಮಾತ್ರ ಬರಿ" ಎಂದೆ. "ಅಷ್ಟೇ ಬರೆದರೆ ಕೇಸೇ ಇರೋದಿಲ್ಲ ಅಮ್ಮಾ" ಎಂದಳು. ಹಾಗಾದರೆ ಕೇಸು ಬೇಡ ಎಂದೆ. ಹೋದ ತಿಂಗಳು ವಾಪಸು ಪಡೆದೆ. ಇಷ್ಟು ದಿನ ನಿನಗೆ ತಿಳಿಸಲಿಲ್ಲ. ನೀನೂ ಸ್ವಲ್ಪ ದಿನ ತಿಳಿಯದೆ ಕೂತಿರಲಿ ಎಂದೇ ತಿಳಿಸಲಿಲ್ಲ.

ಮೊನ್ನೆ ಅನ್ವಿತಾಳನ್ನು ಕರೆದುಕೊಂಡು ಆಟೋದಲ್ಲಿ ಅಡ್ಯಾರಿಗೆ ಹೋದೆ. ಬೋರ್ಡು ನಮ್ಮದಕ್ಕಿಂತ ದೊಡ್ಡದು. ಎದುರು ನಿಂತು ಓದಿದೆ. ನಾಗರಾಜ ಒಳಗಿನಿಂದ ಕೈ ಒರೆಸಿಕೊಳ್ಳುತ್ತಾ ಓಡಿಬಂದ. ಕುರ್ಚಿಯನ್ನು ತನ್ನ ಪಂಚೆಯ ತುದಿಯಿಂದಲೇ ಒರೆಸಿದ.

"ಅಮ್ಮಾ, ನೀವ್ ಹೇಳಿರೆ ಈಗ್ಳೇ ಬೋರ್ಡ್ ಇಳ್ಸ್ತೆ."

"ಹೆಸರು ಕೊಟ್ಟವರು ಏನೆಂದು ಹೇಳಿ ಕೊಟ್ಟರು?" ಎಂದು ಕೇಳಿದೆ.

"ಎಂತದೂ ಹೇಳಲಿಲ್ಲ ಅಮ್ಮ. ಕಾಗ್ದ ಕೈಯಲ್ ಇಟ್ರ್. ಕೈ ಮುಗ್ದ್ರ್. ಯಜಮಾನ್ರ್ ನಂಗೆ ಕೈ ಮುಗಿಯೂದಾ ಅಂದೇಳಿ ನಾ ಅತ್ಬಿಟ್ಟೆ" ಎಂದ.

ಆಗ ನನಗೆ ತಿಳಿಯಿತು. ಇದನ್ನು ನಾನು ಯಾರಿಗೂ ಹೇಳಿದವಳಲ್ಲ. ನಿನಗೆ ಬರೆಯುತ್ತೇನೆ. ನೀನು ಬಾಯಿ ಬಿಡುವವನಲ್ಲವೆಂದು ಈಗ ಗೊತ್ತಾಗಿದೆಯಲ್ಲ.

ಪ್ರೇಮಮ್ಮ ತೀರಿಕೊಂಡ ಸುದ್ದಿ ಬಂದಾಗ ಲಾಕ್‌ಡೌನಿನ ಮೊದಲ ತಿಂಗಳು. ಸಾವಿಗೆ ಹೋಗುವವರಿಗೆ ಕಾರ್ಪೊರೇಷನ್ನಿನವರು ಪಾಸು ಕೊಡುತ್ತಿದ್ದರು. ನಾಗರಾಜನ ಅರ್ಜಿಯನ್ನು ಇವರು ತಮ್ಮ ಕೈಯಾರೆ ತುಂಬಿ, ಕಳಿಸು ಎಂದು ನನಗೆ ಕೊಟ್ಟರು. ನಾನು ಕಳಿಸಲಿಲ್ಲ. ಆಗ ಸುತ್ತಿನ ಮನೆಗಳಲ್ಲಿ ಕಾಯಿಲೆಯವರಿಗೆ ದಿನಾ ನೂರು ಊಟ ನಮ್ಮಲ್ಲಿಂದ ಹೋಗುತ್ತಿತ್ತು, ಇವನು ಹೋದರೆ ಒಲೆ ನಿಲ್ಲುತ್ತಿತ್ತು. ಅದು ಪುಣ್ಯದ ಕೆಲಸ ಎಂದು ನನಗೆ ನಾನೇ ಹೇಳಿಕೊಂಡೆ. ಪಾಸು ಸಿಗಲಿಲ್ಲ ಎಂದು ಅವನಿಗೆ ಹೇಳಿದೆ. ಇವರಿಗೂ ಹಾಗೆಯೇ ಹೇಳಿದೆ. ಒಬ್ಬನೇ ಮಗ, ತಾಯಿಗೆ ಕೊಳ್ಳಿಯಿಡಲು ಹೋಗಲಿಲ್ಲ. ಅವತ್ತೂ ಹಿಟ್ಟು ಕಲಸಿದ.

ಆ ಅರ್ಜಿ ನನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇತ್ತು. ಅಡ್ಯಾರಿನಿಂದ ಬಂದು ಟ್ರಂಕು ಬುಡಮೇಲು ಮಾಡಿ ಹುಡುಕಿದೆ. ಅಲ್ಲಿಲ್ಲ. ಇವರು ಅದನ್ನು ಯಾವಾಗ ಕಂಡರು, ಎಷ್ಟು ದಿನ ಅದನ್ನು ಇಟ್ಟುಕೊಂಡೇ ನನ್ನ ಎದುರು ಊಟ ಮಾಡಿದರು, ನನಗೆ ಗೊತ್ತಿಲ್ಲ. ಒಂದು ಮಾತು ಬೈಯಲಿಲ್ಲ. ಕೇಳಲೂ ಇಲ್ಲ. ನನ್ನ ಹೆಸರು ತೆಗೆದುಕೊಂಡು ಹೋಗಿ ಅವನ ಕೈಯಲ್ಲಿಟ್ಟು ಬಂದರು. ನನ್ನ ತಪ್ಪಿಗೆ ನನ್ನ ಹೆಸರೇ ದಂಡ ಎಂದು ಇವರೇ ತೀರ್ಪು ಕೊಟ್ಟುಬಿಟ್ಟರು, ನನ್ನ ಹೇಳಿಕೆ ಕೇಳದೆ. ಕೋರ್ಟಿನಲ್ಲಾದರೂ ಕೇಳುತ್ತಾರೆ.

ಆ ಅರ್ಜಿ ಈಗ ನಿನ್ನ ಹತ್ತಿರ ಇದೆಯೋ? ಹೇಳಬೇಡ.

ಈ ಕಾಗದದ ಜೊತೆ ಇನ್ನೊಂದು ಹಾಳೆ ಇಟ್ಟಿದ್ದೇನೆ. ನಿನ್ನ ಮೇಲಿನ ದೂರನ್ನು ವಾಪಸು ಪಡೆಯುತ್ತೇನೆಂದು ಪರಿಷತ್ತಿಗೆ ಬರೆದರೆ, ಅಷ್ಟಕ್ಕೇ ವಿಚಾರಣೆ ನಿಲ್ಲುವುದಿಲ್ಲವಂತೆ. ಸತ್ತವರ ಗುಟ್ಟನ್ನು ಬಿಡಿಸಲು ಅವರ ವಾರಸುದಾರರು ಒಪ್ಪಿಗೆ ಕೊಡಬಹುದು ಎಂದು ವಾದಿಸಬಹುದಂತೆ. ಈ ಹಾಳೆ ಆ ಒಪ್ಪಿಗೆ, ನಾನೂ ಶ್ರೀಪ್ರಿಯಾಳೂ ಸಹಿ ಹಾಕಿದ್ದೇವೆ. ವಿಷ್ಣುಮೂರ್ತಿಯವರು ನಿನ್ನಲ್ಲಿ ಏನನ್ನಾದರೂ ಹೇಳಿದ್ದರೆ ಅದನ್ನು ನೀನು ಪರಿಷತ್ತಿನವರಿಗೆ ಹೇಳಬಹುದು. ಅಲ್ಲಿ ಹೇಳಿ ನಿನ್ನ ಸನ್ನದು ಉಳಿಸಿಕೋ. ಹುಟ್ಟುವ ಮಗುವಿನ ಅಪ್ಪ ಕೆಲಸವಿಲ್ಲದೆ ಜಗಲಿಯಲ್ಲಿ ಕೂರಬಾರದು. ನನಗೆ ಮಾತ್ರ ಹೇಳಬೇಡ.

ಇದನ್ನು ಕ್ಷಮೆ ಎಂದು ಓದಿಕೊಳ್ಳಬೇಡ. ನೀವಿಬ್ಬರೂ ಸೇರಿ ನನಗೆ ಮೋಸ ಮಾಡಿದಿರಿ. ಕಾನೂನಿನ ಪ್ರಕಾರ ಮಾಡಿದಿರಿ, ಅಷ್ಟೇ ವ್ಯತ್ಯಾಸ. ನಾನು ನಾಗರಾಜನಿಗೆ ಮಾಡಿದ್ದಕ್ಕೆ ಆ ವ್ಯತ್ಯಾಸವೂ ಇಲ್ಲ, ಅದು ನನಗೆ ಗೊತ್ತು. ಅದನ್ನು ಅವನಿಗೆ ಹೇಳುವುದು ನನ್ನ ಕೆಲಸ. ಇನ್ನೂ ಹೇಳಿಲ್ಲ. ಅವತ್ತು ಹೇಳಬೇಕೆಂದೇ ಹೋಗಿದ್ದೆ. ಎದ್ದು ಬರುವಾಗ "ಬೋರ್ಡಿನ ಒಂದು ದೀಪ ಉರಿಯುವುದಿಲ್ಲ, ಸರಿ ಮಾಡಿಸು" ಎಂದಷ್ಟೇ ಬಾಯಿಗೆ ಬಂತು.

ಇವತ್ತು ಪೂರ್ವಾರಾಧನೆ. ಮಠಕ್ಕೆ ನಾನು ಹೋಗಲಿಲ್ಲ. ಶ್ರೀಪ್ರಿಯಾ ಮಂತ್ರಾಕ್ಷತೆ ತಂದು ದೇವರ ಮುಂದೆ ಇಟ್ಟಿದ್ದಾಳೆ, ತೆಗೆದುಕೊಂಡಿಲ್ಲ.

ಇಪ್ಪತ್ತಮೂರಕ್ಕೆ ವಿಚಾರಣೆ ಮುಗಿಸಿ ಇಲ್ಲಿಗೆ ಬಾ. ವಕೀಲನಾಗಿ ಬರಬೇಡ, ನನ್ನ ಯಾವ ಕಾಗದವನ್ನೂ ಇನ್ನು ನಿನ್ನ ಕೈಗೆ ಕೊಡುವುದಿಲ್ಲ. ನನ್ನ ತಮ್ಮನ ಮಗನಾಗಿ ಬಾ. ಮೊಸರಿಲ್ಲದ ತಿಂಗಳು ಮುಗಿಯಲು ಆಮೇಲೂ ಹತ್ತು ದಿನ ಉಳಿದಿರುತ್ತದೆ. ನನ್ನ ಬಾಳೆಯಲ್ಲಿ ಮೊಸರಿರುವುದಿಲ್ಲ. ನಿನಗೆ ಕೆಳಗಿನ ಹೋಟೆಲಿನಿಂದ ತರಿಸಿ ನಾನೇ ಬಡಿಸುತ್ತೇನೆ. ಉಣ್ಣುವುದೋ, ನಿನ್ನ ಮಾವನ ಹಾಗೆ ಕೈ ಅಡ್ಡ ಹಿಡಿಯುವುದೋ ನಿನಗೆ ಬಿಟ್ಟದ್ದು. ಈ ಮನೆಯಲ್ಲಿ ನಿನಗೆ ಆ ಒಂದು ಹಕ್ಕು ಇದೆ.

ಚಂದ್ರಮತಿ